ಮೊಳಕೆಕಾಳು: ಬಯಲುಸೀಮೆಯ ಮನೆಗಳಿಗೊಂದು ಪಾಠ

'ಬೆಳೆಯುವ ಸಿರಿ ಮೊಳಕೆಯಲ್ಲಿ' ಎಂಬ ಗಾದೆಮಾತನ್ನು ಶಾಲೆಯ ವಾರ್ಷಿಕೋತ್ಸವದ ವೇದಿಕೆಯಿಂದ ಕೇಳದ ಕನ್ನಡಿಗರು ವಿರಳ. ಬಾಲಕ ಬಾಲಕಿಯರ ಪ್ರತಿಭೆಯನ್ನು ಕೊಂಡಾಡುವಾಗ ಹಿರಿಯರ ಬಾಯಲ್ಲಿ ತಾನಾಗಿ ಬರುವ ಈ ಮಾತು ಒಕ್ಕಲುತನದ ಅನುಭವದ ಮಾತು. ಹೊಲಕ್ಕೆ ಹಾಕಿದ ಬೀಜ ಸಮನಾಗಿ ಮೊಳೆತರೆ ಬೆಳೆಯ ಅರ್ಧ ಚಿಂತೆ ಕಳೆಯಿತೆಂದು ರೈತ ತಿಳಿಯುತ್ತಾನೆ. ಸುವರ್ಣ ಮಹೋತ್ಸವದ ಈ ಸಂಚಿಕೆಯಲ್ಲಿ ಆ ಗಾದೆಯ ಒಳಾರ್ಥವನ್ನು ವಿವರಿಸಬಲ್ಲ ಹಿರಿಯರು ಅನೇಕರಿದ್ದಾರೆ. ಪ್ರಸ್ತುತ ಲೇಖನವು ಅದರ ನೇರ ಅರ್ಥಕ್ಕೆ, ಅಂದರೆ ಅಡುಗೆಮನೆಯ ಬಟ್ಟೆಯ ಗಂಟಿನಲ್ಲಿ ಮೂಡುವ ಕಾಳಿನ ಮೊಳಕೆಗೆ ಸಂಬಂಧಿಸಿದುದಾಗಿದೆ.

ಕಾಳು ನೆನೆಸಿ ಮೊಳಕೆ ಬರಿಸುವುದಕ್ಕೂ ಒಂದು ಪಾಠ ಬೇಕೇ ಎಂದು ಕೆಲವರು ಕೇಳಬಹುದು. ಬೇಕು ಎನ್ನುವುದಕ್ಕೆ ಎರಡು ಕಾರಣಗಳಿವೆ. ಮೊದಲನೆಯದಾಗಿ, ಈ ವಿದ್ಯೆಯನ್ನು ಯಾರೂ ಬರೆದಿಡಲಿಲ್ಲ; ಅಜ್ಜಿಯ ಪಕ್ಕದಲ್ಲಿ ಕುಳಿತು ನೋಡಿ ಕಲಿಯುವ ವಿದ್ಯೆಯಾಗಿ ಇದು ನಡೆದುಬಂತು. ಊರು ಬಿಟ್ಟು ಬೆಂಗಳೂರಿಗೂ ಹೈದರಾಬಾದಿಗೂ ಹೋಗಿ ನೆಲೆಸಿದ ನಮ್ಮ ಶಾಲೆಗಳ ಮಕ್ಕಳಿಗೆ ಆ ಅವಕಾಶ ತಪ್ಪಿದೆ. ಎರಡನೆಯದಾಗಿ, ಅಜ್ಜಿಯರು ಮೊಳಕೆಯನ್ನು ಬೇಯಿಸಿ ಬಡಿಸುತ್ತಿದ್ದರು. ನಾವು ಅದನ್ನು ಹಸಿಯಾಗಿ ತಿನ್ನುವುದೇ ಆರೋಗ್ಯವೆಂದು ನಂಬತೊಡಗಿದ್ದೇವೆ. ಮೊಳಕೆ ಬರಲು ಬೇಕಾದ ನೀರು, ಗಾಳಿ, ಬಿಸುಪು ಈ ಮೂರೂ ರೋಗಾಣುಗಳು ಬೆಳೆಯುವುದಕ್ಕೂ ಬೇಕಾದವೇ ಎಂಬ ಒಂದು ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮೊಳಕೆಕಾಳಿನ ಎಲ್ಲ ನಿಯಮಗಳೂ ತಾವಾಗಿ ಅರ್ಥವಾಗುತ್ತವೆ.

ನಮ್ಮ ನೆಲ, ನಮ್ಮ ಕಾಳು

ಹಿಂದೂಪುರ ಮತ್ತು ಮಡಕಶಿರಾ 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿವೆ. ಕಲ್ಯಾಣದುರ್ಗ ಮತ್ತು ರಾಯದುರ್ಗ ಅನಂತಪುರ ಜಿಲ್ಲೆಯಲ್ಲೇ ಉಳಿದಿವೆ. ಆಡಳಿತದ ಗೆರೆಗಳು ಎಲ್ಲಿ ಹಾದುಹೋದರೂ ನೆಲ ಮಾತ್ರ ಒಂದೇ ಬಗೆಯದು. ನೈಋತ್ಯ ಮಾರುತದ ಮಳೆ ಪಶ್ಚಿಮಘಟ್ಟವನ್ನು ದಾಟಿ ಬರುವಷ್ಟರಲ್ಲಿ ಬರಿದಾಗುತ್ತದೆ; ಈಶಾನ್ಯ ಮಾರುತದ ಮಳೆ ಇಷ್ಟು ಒಳನಾಡಿಗೆ ತಲುಪುವಷ್ಟರಲ್ಲಿ ತೆಳುವಾಗುತ್ತದೆ. ವರ್ಷಕ್ಕೆ ಸರಾಸರಿ 550 ಮಿಲಿಮೀಟರಿನ ಆಸುಪಾಸಿನಲ್ಲಿ ನಿಲ್ಲುವ ಮಳೆಯಲ್ಲಿ ಬೆಳೆಯಬಲ್ಲವುಗಳನ್ನೇ ಇಲ್ಲಿನ ಒಕ್ಕಲಿಗರು ಆರಿಸಿಕೊಂಡರು. ಅಂಥವುಗಳಲ್ಲಿ ಹುರುಳಿಗೆ ವಿಶೇಷ ಸ್ಥಾನವಿದೆ. ಮಳೆ ತಡವಾಗಿ ಬಂದು ಬೇರೆ ಬಿತ್ತನೆಗೆ ಹದ ತಪ್ಪಿದಾಗಲೂ ಹುರುಳಿ ಬಿತ್ತಬಹುದು. ಗೊಬ್ಬರವನ್ನು ಹೆಚ್ಚು ಬೇಡದೆ, ಕಲ್ಲುಮಿಶ್ರಿತ ಕೆಂಪುನೆಲದಲ್ಲೂ ಅದು ತನ್ನ ಪಾಲನ್ನು ಕೊಡುತ್ತದೆ. ಒಣಗಿದ ಹುರುಳಿಯ ನೂರು ಗ್ರಾಮಿನಲ್ಲಿ ಸುಮಾರು 22 ಗ್ರಾಂ ಪ್ರೋಟೀನ್ ಇದೆ. ಹೆಸರುಕಾಳಿನಲ್ಲಿ ಸುಮಾರು 24 ಗ್ರಾಂ. ಬಡವರ ಕಾಳೆಂದು ಕೆಲವರು ಕೀಳಾಗಿ ಕಂಡ ಹುರುಳಿ, ಪೋಷಣೆಯ ಲೆಕ್ಕದಲ್ಲಿ ಯಾವ ಬೇಳೆಗೂ ತಲೆತಗ್ಗಿಸಬೇಕಾಗಿಲ್ಲ.

ಎರಡು ಭಾಷೆಗಳ ನಡುವೆ ಬದುಕುವ ನಮಗೆ ಒಂದೊಂದು ಕಾಳಿಗೂ ಎರಡೆರಡು ಹೆಸರುಗಳಿವೆ. ಮನೆಯಲ್ಲಿ ಹುರುಳಿ ಎಂದದ್ದು ಅಂಗಡಿಯಲ್ಲಿ ಉಲವಲು ಆಗುತ್ತದೆ. ಹೆಸರು ಪೆಸಲು ಆಗುತ್ತದೆ. ಕಡಲೆ ಶನಗಲು, ಅಲಸಂದೆ ಅಲಸಂದಲು. ನಮ್ಮ ಮೊಳಕೆ ಅವರ ಮೊಲಕ. ಬೇಯಿಸಿ ಒಗ್ಗರಣೆ ಹಾಕಿದ ಕಾಳಿಗೆ ನಾವು ಗುಗ್ಗರಿ ಎಂದರೆ ಅವರು ಗುಗ್ಗಿಳ್ಳು ಎನ್ನುತ್ತಾರೆ. ಮಾತು ಬೇರೆಯಾದರೂ ಮುದ್ದೆಯ ಜೊತೆಗೆ ಹುರುಳಿಯ ಸಾರು ಎರಡೂ ಮನೆಗಳ ಊಟವೇ ಆಗಿದೆ. ಮೂರು ಕಡೆ ಆಂಧ್ರದ ನೆಲವನ್ನೇ ಗಡಿಯಾಗಿ ಉಳ್ಳ ಪಾವಗಡದ ಕಡೆಯಲ್ಲೂ ಇದೇ ಅಡುಗೆ, ಇದೇ ರುಚಿ.

ಬೀಜದೊಳಗೆ ನಡೆಯುವುದೇನು?

ಒಣಗಿದ ಕಾಳು ಸತ್ತ ವಸ್ತುವಲ್ಲ; ಮಲಗಿರುವ ಜೀವ. ಅದರ ಎರಡು ದಪ್ಪನೆಯ ದಳಗಳಲ್ಲಿ ಪಿಷ್ಟವೂ ಪ್ರೋಟೀನೂ ತುಂಬಿರುತ್ತವೆ. ದಳಗಳು ಕೂಡುವ ಮೂಲೆಯಲ್ಲಿ ಬರಿಗಣ್ಣಿಗೆ ಸಣ್ಣ ಚುಕ್ಕೆಯಂತೆ ಕಾಣುವ ಎಳೆಯ ಸಸ್ಯ ಅಡಗಿರುತ್ತದೆ. ಮಗುವಿಗೆ ಕಟ್ಟಿಕೊಟ್ಟ ಬುತ್ತಿಯಂತೆ, ದಳಗಳಲ್ಲಿರುವುದೆಲ್ಲ ಆ ಸಸ್ಯದ ಮೊದಲ ದಿನಗಳಿಗೆ ಮೀಸಲಾದ ಆಹಾರ.

ನೀರು ಹೀರಿದೊಡನೆ ಬೀಜದ ಉಸಿರಾಟ ಚುರುಕಾಗುತ್ತದೆ. ಕಿಣ್ವಗಳೆಂಬ ವಸ್ತುಗಳು ಕೆಲಸಕ್ಕೆ ತೊಡಗಿ, ಪಿಷ್ಟವನ್ನು ಸಕ್ಕರೆಯಾಗಿಯೂ ಪ್ರೋಟೀನನ್ನು ಸಣ್ಣ ತುಣುಕುಗಳಾಗಿಯೂ ಒಡೆಯುತ್ತವೆ. ಕಬ್ಬಿಣ ಮತ್ತು ಸತುವಿನ ಅಂಶಗಳನ್ನು ಬಿಗಿಹಿಡಿದು ನಮ್ಮ ಕರುಳಿಗೆ ಸಿಗದಂತೆ ಮಾಡುವ ಫೈಟಿಕ್ ಆಮ್ಲ ಕಡಿಮೆಯಾಗುತ್ತದೆ. ಹೊಟ್ಟೆಯಲ್ಲಿ ವಾಯು ತುಂಬಿಸುವ ಕೆಲವು ಬಗೆಯ ಸಕ್ಕರೆಗಳೂ ಕರಗುತ್ತವೆ. ಒಣ ಕಾಳಿನಲ್ಲಿ ಇಲ್ಲವೆನ್ನುವಷ್ಟು ಅಲ್ಪವಾಗಿರುವ 'ಸಿ' ಜೀವಸತ್ವ ಹೊಸದಾಗಿ ಹುಟ್ಟುತ್ತದೆ. ಮೊಳಕೆಕಾಳು ಬೇಗ ಬೇಯುತ್ತದೆ, ಸುಲಭವಾಗಿ ಅರಗುತ್ತದೆ ಎಂಬ ಹಿರಿಯರ ಅನುಭವಕ್ಕೆ ಆಧಾರ ಇದೇ.

ಇಲ್ಲಿ ಒಂದು ತಪ್ಪುಕಲ್ಪನೆಯನ್ನು ನಿವಾರಿಸುವುದು ಅಗತ್ಯ. ಒಂದು ಲೋಟ ಹೆಸರುಕಾಳು ಮೊಳೆತು ಎರಡೂವರೆ, ಮೂರು ಲೋಟವಾದಾಗ ಪೋಷಕಾಂಶವೂ ಮೂರು ಪಾಲಾಯಿತೆಂದು ಕೆಲವರು ಭಾವಿಸುತ್ತಾರೆ. ಹೆಚ್ಚಿದ್ದು ಬಹುಪಾಲು ನೀರು. ಕಾಳು ತನ್ನ ಉಸಿರಾಟಕ್ಕಾಗಿ ತನ್ನ ಬುತ್ತಿಯಲ್ಲೇ ಸ್ವಲ್ಪವನ್ನು ಕರಗಿಸಿಕೊಂಡಿರುತ್ತದೆ ಕೂಡ. ಮೊಳಕೆಯ ಲಾಭವಿರುವುದು ಆಹಾರದ ಪ್ರಮಾಣ ಹೆಚ್ಚುವುದರಲ್ಲಿ ಅಲ್ಲ. ಇರುವ ಆಹಾರ ದೇಹಕ್ಕೆ ದಕ್ಕುವಂತೆ ಆಗುವುದರಲ್ಲಿ.

ಬರಗಾಲದಲ್ಲಿ ಮೊಳಕೆಯ ಉಪಕಾರ

ಹಸಿರು ತರಕಾರಿ, ಹಣ್ಣು ಸಿಗದ ಕಾಲದಲ್ಲಿ ಮೊಳಕೆಕಾಳು ಎಂತಹ ನೆರವು ನೀಡಬಲ್ಲದೆಂಬುದನ್ನು ಚರಿತ್ರೆ ಸಾರುತ್ತದೆ. 'ಸಿ' ಜೀವಸತ್ವದ ಕೊರತೆಯಿಂದ ಬರುವ ಸ್ಕರ್ವಿ ರೋಗದಲ್ಲಿ ವಸಡು ಊದಿ ರಕ್ತ ಸೋರುತ್ತದೆ, ಕೀಲುಗಳು ನೋಯುತ್ತವೆ, ಗಾಯಗಳು ಮಾಯುವುದಿಲ್ಲ; ಉಪೇಕ್ಷಿಸಿದರೆ ಸಾವೂ ಸಂಭವಿಸುತ್ತದೆ. ಮೊದಲನೆಯ ಮಹಾಯುದ್ಧದಲ್ಲಿ ಮೆಸೊಪೊಟೇಮಿಯಕ್ಕೆ ಹೋದ ಭಾರತೀಯ ಸೈನಿಕರು, ಅದರಲ್ಲೂ 1915-16ರಲ್ಲಿ ಕೂಟ್ ಪಟ್ಟಣದ ಮುತ್ತಿಗೆಯಲ್ಲಿ ಸಿಕ್ಕಿಬಿದ್ದವರು, ಈ ರೋಗದಿಂದ ನರಳಿದರು. 1918ರಲ್ಲಿ ವಿಲ್ಟ್‌ಶೈರ್ ಎಂಬ ವೈದ್ಯರು ಸರ್ಬಿಯದ ಸೈನಿಕರಿಗೆ ಮೊಳಕೆ ಬರಿಸಿದ ಕಾಳನ್ನು ಕೊಟ್ಟು ಸ್ಕರ್ವಿ ಗುಣವಾಗುವುದನ್ನು ವರದಿ ಮಾಡಿದರು. ಮರುವರ್ಷ, 1919ರಲ್ಲಿ, ಲಂಡನ್ನಿನ ಲಿಸ್ಟರ್ ಸಂಸ್ಥೆಯ ಹ್ಯಾರಿಯೆಟ್ ಚಿಕ್ ಮತ್ತು ಮೇರಿಯನ್ ಡೆಲ್ಫ್ ಎಂಬ ಇಬ್ಬರು ಮಹಿಳಾ ವಿಜ್ಞಾನಿಗಳು ಒಣ ಕಾಳಿಗೂ ಮೊಳೆತ ಕಾಳಿಗೂ ಇರುವ ಈ ವ್ಯತ್ಯಾಸವನ್ನು ಪ್ರಯೋಗಗಳಿಂದ ಸ್ಥಾಪಿಸಿದರು. 'ಸಿ' ಜೀವಸತ್ವವೆಂಬ ವಸ್ತುವನ್ನು ಇನ್ನೂ ಯಾರೂ ಬೇರ್ಪಡಿಸಿ ನೋಡಿರದ ಕಾಲವದು. ಮುಂದೆ 1938-40ರ ಬರಗಾಲದಲ್ಲಿ, ಅಂದಿನ ಪಂಜಾಬಿಗೆ ಸೇರಿದ್ದ ಹಿಸ್ಸಾರ್ ಪ್ರದೇಶದಲ್ಲಿ ಸ್ಕರ್ವಿ ಹಬ್ಬಿದಾಗ ಮೊಳಕೆಕಾಳನ್ನು ಹಂಚಲಾಯಿತು.

ನಮ್ಮ ಸೀಮೆಗೂ ಬರಗಾಲ ಹೊಸದಲ್ಲ. 1876-78ರ ಮಹಾಕ್ಷಾಮ ಬಳ್ಳಾರಿ ಸೀಮೆಯನ್ನು ಹಣ್ಣುಗಾಯಿ ಮಾಡಿದಾಗ ಅನಂತಪುರ ಅದರ ಭಾಗವಾಗಿಯೇ ಇತ್ತು. ಪ್ರತ್ಯೇಕ ಜಿಲ್ಲೆಯಾದದ್ದು 1882ರಲ್ಲಿ. ಅಂತಹ ಕ್ಷಾಮ ಇಂದಿಲ್ಲವಾದರೂ, ಏಪ್ರಿಲ್ ಮೇ ತಿಂಗಳುಗಳಲ್ಲಿ ಸೊಪ್ಪು ಸಿಗದ, ಸಿಕ್ಕರೂ ಕೊಳ್ಳಲಾಗದ ಮನೆಗಳು ನಮ್ಮ ಊರುಗಳಲ್ಲಿ ಇವೆ. ರಕ್ತಹೀನತೆಯಿಂದ ಬಳಲುವ ಹೆಣ್ಣುಮಕ್ಕಳೂ ಇದ್ದಾರೆ. ಹಿತ್ತಲಿಲ್ಲದ, ಬಾವಿಯಿಲ್ಲದ ಮನೆಯಲ್ಲೂ ಒಂದು ಹಿಡಿ ಕಾಳು ಮತ್ತು ಒಂದು ಬಿಂದಿಗೆ ನೀರಿನಿಂದ ಎರಡು ದಿನಗಳಲ್ಲಿ ತಾಜಾ ಆಹಾರವನ್ನು ಪಡೆಯಬಹುದೆಂಬುದು ಅಲ್ಪ ವಿಷಯವಲ್ಲ.

ಕಾಳುಗಳ ಆಯ್ಕೆ

ಹೊಸದಾಗಿ ಕಲಿಯುವವರು ಹೆಸರುಕಾಳಿನಿಂದ ಆರಂಭಿಸುವುದು ಲೇಸು. ಅದು ಬೇಗ ಮೊಳೆಯುತ್ತದೆ, ತಪ್ಪಿಗೆ ಅವಕಾಶ ಕಡಿಮೆ. ಕೈ ಕುದುರಿದ ಮೇಲೆ ಅಲಸಂದೆ, ಮಡಕೆ ಕಾಳು, ಹುರುಳಿ, ಕಪ್ಪು ಕಡಲೆ, ಮೆಂತ್ಯ ಇವುಗಳಿಗೆ ತೊಡಗಬಹುದು. ಕಾಳು ಇಡಿಯಾಗಿರಬೇಕು, ಒಡೆದ ಬೇಳೆ ಮೊಳೆಯದು. ಹಲವು ವರ್ಷ ಹಳೆಯದಾದ ಕಾಳಿನಲ್ಲಿ ಮೊಳೆಯುವ ಶಕ್ತಿ ಕುಂದಿರುತ್ತದೆ.

ಮೂರು ಎಚ್ಚರಿಕೆಗಳನ್ನು ಮಾತ್ರ ಯಾರೂ ಮರೆಯಬಾರದು.

ಒಂದು: ಬಿತ್ತನೆಗೆಂದು ತಂದ ಬೀಜವನ್ನು ಎಂದೂ ತಿನ್ನಲು ಬಳಸಬಾರದು. ಶಿಲೀಂಧ್ರ, ಕೀಟಗಳಿಂದ ಕಾಪಾಡಲು ಆ ಬೀಜಕ್ಕೆ ವಿಷದ ಔಷಧ ಲೇಪಿಸಿರುತ್ತಾರೆ. ಕೆಂಪು, ಗುಲಾಬಿ ಅಥವಾ ನೀಲಿ ಬಣ್ಣ ಅದರ ಗುರುತಾಗಿರಬಹುದು. ತೊಳೆದರೆ ಬಣ್ಣ ಹೋಗಬಹುದಾದರೂ ವಿಷ ಪೂರ್ತಿ ಹೋಗುವುದಿಲ್ಲ. ಒಕ್ಕಲುಮನೆಗಳಲ್ಲಿ ಬಿತ್ತನೆ ಬೀಜದ ಚೀಲವನ್ನೂ ಅಡುಗೆಯ ಕಾಳಿನ ಡಬ್ಬವನ್ನೂ ಬೇರೆ ಬೇರೆ ಕೋಣೆಗಳಲ್ಲಿ ಇಡುವುದೇ ಕ್ಷೇಮ.

ಎರಡು: ಜೋಳವನ್ನು ಮೊಳಕೆ ಬರಿಸಿ ತಿನ್ನಬಾರದು. ಎಳೆಯ ಜೋಳದ ಪೈರನ್ನು ಮೇಯ್ದ ದನಗಳು ಸಾಯುವುದುಂಟೆಂದು ನಮ್ಮ ರೈತರು ಬಲ್ಲರು. ಅದಕ್ಕೆ ಕಾರಣವಾದ, ಸಯನೈಡನ್ನು ಬಿಡುಗಡೆ ಮಾಡುವ ವಸ್ತು ಜೋಳದ ಮೊಳಕೆಯಲ್ಲೂ ಇರುತ್ತದೆ. ಹಾಗೆಯೇ ಆಲೂಗಡ್ಡೆಯ ಮೊಳಕೆಯೂ ವಿಷಕಾರಿ. 'ಮೊಳಕೆ' ಎಂಬ ಹೆಸರು ಒಂದೇ ಎಂದು ಎಲ್ಲವೂ ಆಹಾರವಾಗುವುದಿಲ್ಲ.

ಮೂರು: ನಮ್ಮ ಸೀಮೆಯ ಮುಖ್ಯ ಬೆಳೆಯಾದ ಕಡಲೆಕಾಯಿಯ ಬೀಜವೂ ಮೊಳೆಯುತ್ತದೆ, ಆದರೆ ಬೂಷ್ಟು ಹಿಡಿದ, ಮುರುಟಿದ, ಬಣ್ಣಗೆಟ್ಟ ಬೀಜಗಳಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಇರಬಹುದು. ಅದು ಬೇಯಿಸಿದರೂ ನಾಶವಾಗದು. ಆದಕಾರಣ ಹೊಸಬರು ಕಡಲೆಕಾಯಿ ಬೀಜದ ಗೊಡವೆಗೆ ಹೋಗದಿರುವುದೇ ಉತ್ತಮ.

ಮೊಳಕೆ ಬರಿಸುವ ಕ್ರಮ

ಒಂದು ಲೋಟ ಹೆಸರುಕಾಳನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ರಾತ್ರಿ ಊಟದ ಹೊತ್ತಿಗೆ ಕಾಳನ್ನು ಮೊರದಲ್ಲಿ ಹಾಕಿ ಕೇರಿ, ಕಲ್ಲು, ಮಣ್ಣಿನ ಹೆಂಟೆ, ಹುಳುಕು ಕಾಳು, ಒಡೆದ ಕಾಳುಗಳನ್ನು ಆರಿಸಿ ತೆಗೆಯಬೇಕು. ಒಡೆದ ಕಾಳು ಮೊಳೆಯದೆ ಕೊಳೆಯುತ್ತದೆ. ಒಂದು ಕೊಳೆತ ಕಾಳು ಸುತ್ತಲಿನ ಹತ್ತನ್ನು ಕೆಡಿಸುತ್ತದೆ. ಕೈಯನ್ನು ಸೋಪಿನಿಂದ ತೊಳೆದುಕೊಂಡು, ಕಾಳನ್ನು ಮೂರು ನಾಲ್ಕು ಬಾರಿ ನೀರಿನಲ್ಲಿ ಉಜ್ಜಿ ತೊಳೆಯಬೇಕು. ಬಳಿಕ ಮೂರು ಲೋಟ ಕುಡಿಯುವ ನೀರಿನಲ್ಲಿ ನೆನೆಸಿಡಬೇಕು. ಪಾತ್ರೆ ದೊಡ್ಡದಾಗಿರಲಿ, ಕಾಳು ಬೆಳಗಾಗುವಷ್ಟರಲ್ಲಿ ಇಮ್ಮಡಿ ಉಬ್ಬುತ್ತದೆ.

ಬೆಳಿಗ್ಗೆ ನೀರನ್ನು ಪೂರ್ತಿಯಾಗಿ ಬಸಿಯಬೇಕು. ನೆನೆಯದೆ ಕಲ್ಲಿನಂತೆ ಉಳಿದ ಕಾಳುಗಳನ್ನು ಆಗಲೇ ತೆಗೆದುಹಾಕಿದರೆ ಮುಂದೆ ಹಲ್ಲಿಗೆ ಸಿಕ್ಕುವ ತೊಂದರೆ ತಪ್ಪುತ್ತದೆ. ಮತ್ತೊಮ್ಮೆ ಹೊಸ ನೀರಿನಲ್ಲಿ ತೊಳೆದು, ಕುದಿಯುವ ನೀರಿನಲ್ಲಿ ಹಾಕಿ ಹಿಂಡಿದ ತೆಳುವಾದ ಹತ್ತಿಯ ಬಟ್ಟೆಯಲ್ಲಿ ಸಡಿಲವಾಗಿ ಗಂಟು ಕಟ್ಟಿ, ನೀರು ತೊಟ್ಟಿಕ್ಕುವಂತೆ ತೂಗುಹಾಕಬೇಕು. ತೂತುಗಳಿರುವ ಸ್ಟೀಲ್ ಪಾತ್ರೆಯಲ್ಲಿ ಹರಡಿ, ಮೇಲೆ ಒದ್ದೆ ಬಟ್ಟೆ ಮುಚ್ಚಿಟ್ಟರೂ ಆಗುತ್ತದೆ. ಬಾಯಗಲದ ಗಾಜಿನ ಸೀಸೆಯ ಬಾಯಿಗೆ ಬಟ್ಟೆ ಕಟ್ಟಿ, ಓರೆಯಾಗಿ ಬೋರಲು ಹಾಕಿಡುವುದೂ ಒಂದು ಕ್ರಮ. ಯಾವ ಕ್ರಮವಾದರೂ ತತ್ತ್ವ ಒಂದೇ: ಕಾಳು ಒದ್ದೆಯಾಗಿರಬೇಕು, ನೀರಿನಲ್ಲಿ ಮುಳುಗಿರಬಾರದು. ಮುಳುಗಿದ ಬೀಜಕ್ಕೆ ಉಸಿರಾಡಲು ಗಾಳಿ ಸಿಗದೆ ಅದು ಹುಳಿಯಾಗುತ್ತದೆ.

ಆರು ಗಂಟೆಗೊಮ್ಮೆ, ತಪ್ಪಿದರೆ ಎಂಟು ಗಂಟೆಗೊಮ್ಮೆ, ಕಾಳನ್ನು ಹೊಸ ನೀರಿನಲ್ಲಿ ತೊಳೆದು ಮತ್ತೆ ಬಸಿದಿಡಬೇಕು. ಬಟ್ಟೆ ಒಣಗದಂತೆ ನೀರು ಚಿಮುಕಿಸಿದರೆ ಸಾಕೆಂದು ಅನೇಕರು ತಿಳಿದಿದ್ದಾರೆ. ಚಿಮುಕಿಸಿದ ನೀರು ಕಾಳನ್ನು ಒದ್ದೆ ಮಾಡುತ್ತದೆಯೇ ಹೊರತು ಅದರ ಮೇಲೆ ಕೂಡುವ ಲೋಳೆಯನ್ನು ತೊಳೆಯುವುದಿಲ್ಲ. ಆ ಲೋಳೆಯೇ ಸೂಕ್ಷ್ಮಜೀವಿಗಳ ಮನೆ. ಈ ಕ್ರಮದಲ್ಲಿ ಹೆಸರುಕಾಳಿನ ಮೊಳಕೆ ಅದೇ ದಿನ ರಾತ್ರಿ ಕಾಣಿಸಿಕೊಂಡು, ಮರುದಿನ ಬೆಳಿಗ್ಗೆ ಅಡುಗೆಗೆ ಸಿದ್ಧವಾಗುತ್ತದೆ. ಕಾಳಿನ ಉದ್ದದಷ್ಟು ಮೊಳಕೆ ಬಂದರೆ ಸಾಕು. ಬಹಳ ಉದ್ದ ಬೆಳೆಸುವುದರಿಂದ ಅಡುಗೆಗೆ ವಿಶೇಷ ಲಾಭವಿಲ್ಲ.

ನೆನೆಸಲು ಮೂರು ಲೋಟ, ಪ್ರತಿ ತೊಳೆತಕ್ಕೆ ಎರಡು ಲೋಟದಂತೆ ನಾಲ್ಕು ಬಾರಿಗೆ ಎಂಟು ಲೋಟ: ಮೊದಲ ರಾತ್ರಿಯ ತೊಳೆತವನ್ನು ಬಿಟ್ಟರೆ ಒಟ್ಟು ಹನ್ನೊಂದು ಲೋಟ ನೀರು ತಗಲುತ್ತದೆ. ನೀರಿನ ಬೆಲೆ ಬಲ್ಲ ನಮ್ಮ ಊರಿನವರು ಇದನ್ನು ಬಚ್ಚಲಿಗೆ ಚೆಲ್ಲದೆ ಕರಿಬೇವಿನ ಗಿಡಕ್ಕೋ ನಿಂಬೆಯ ಗಿಡಕ್ಕೋ ಹಾಕಬಹುದು. ನೀರು ಉಳಿಸಲೆಂದು ತೊಳೆಯುವ ಸಲಗಳನ್ನು ಕಡಿಮೆ ಮಾಡುವುದಕ್ಕಿಂತ ಕಾಳಿನ ಪ್ರಮಾಣವನ್ನೇ ಕಡಿಮೆ ಮಾಡುವುದು ವಿವೇಕ.

ಕಾಲಮಾನದ ಲೆಕ್ಕ

ಕಾಳಿನಿಂದ ಕಾಳಿಗೆ ಅವಧಿ ಬೇರೆಯಾಗುತ್ತದೆ. ಹೆಸರು ಮತ್ತು ಮಡಕೆ ಕಾಳುಗಳನ್ನು 6ರಿಂದ 8 ಗಂಟೆ ನೆನೆಸಿ, 12ರಿಂದ 24 ಗಂಟೆ ಕಟ್ಟಿಟ್ಟರೆ ಸಾಕು. ಅಲಸಂದೆಯನ್ನು 8 ಗಂಟೆ ನೆನೆಸಿ, 18ರಿಂದ 24 ಗಂಟೆ ಇಡಬೇಕು. ಹುರುಳಿ ಮತ್ತು ಕಪ್ಪು ಕಡಲೆಗೆ 10ರಿಂದ 12 ಗಂಟೆಯ ನೆನೆ, 24ರಿಂದ 36 ಗಂಟೆಯ ಕಟ್ಟು ಬೇಕು. ಮೆಂತ್ಯಕ್ಕೆ 8 ಗಂಟೆ ನೆನೆಸಿ 24ರಿಂದ 36 ಗಂಟೆ. ಅದರ ಲೋಳೆ ಹೆಚ್ಚಾದುದರಿಂದ ತೊಳೆಯುವುದೂ ಹೆಚ್ಚಿರಬೇಕು. ಚಳಿಗಾಲದ ರಾತ್ರಿಗಳಲ್ಲಿ ಈ ಅವಧಿಗಳು ಹಿಗ್ಗುತ್ತವೆ. ಆಗ ಗಂಟನ್ನು ಒಲೆಯ ಹತ್ತಿರದ ಬೆಚ್ಚನೆಯ ಮೂಲೆಯಲ್ಲಿ ಇಡಬಹುದು.

ನಮ್ಮಲ್ಲಿ ನಿಜವಾದ ಪರೀಕ್ಷೆ ಬೇಸಿಗೆಯದು. ಮೊಳಕೆಗೆ ಹಿತವಾದ ಉಷ್ಣತೆ 25ರಿಂದ 30 ಡಿಗ್ರಿ ಸೆಲ್ಸಿಯಸ್. ನಮ್ಮ ಏಪ್ರಿಲ್ ಮೇ ತಿಂಗಳ ಮಧ್ಯಾಹ್ನ 40 ಡಿಗ್ರಿಯ ಮುಟ್ಟಿಗೆ ಹೋಗುತ್ತದೆ. ಇದಕ್ಕೆ ಕಾಳಿನ ಸ್ವಂತ ಶಾಖವೂ ಸೇರುತ್ತದೆ. ಮೊಳೆಯುವ ಕಾಳು ಉಸಿರಾಡುವಾಗ ಶಾಖವನ್ನು ಹೊರಬಿಡುತ್ತದೆ. ದೊಡ್ಡ ಗಂಟಿನ ನಡುವೆ ಬೆರಳಿಟ್ಟು ನೋಡಿದರೆ ಬೆಚ್ಚಗಿರುವುದು ತಿಳಿಯುತ್ತದೆ. ಮದುವೆ, ಸಮಾರಂಭಗಳಿಗೆಂದು ಸೇರುಗಟ್ಟಲೆ ಕಾಳನ್ನು ಒಂದೇ ಗಂಟಿನಲ್ಲಿ ಕಟ್ಟಿದಾಗ ನಡುವಿನ ಭಾಗ ಹಳಸುವುದಕ್ಕೆ ಇದೇ ಕಾರಣ. ಬೇಸಿಗೆಯಲ್ಲಿ ಗಂಟುಗಳು ಚಿಕ್ಕದಾಗಿರಲಿ, ಕಾಳಿನ ಪದರ ಎರಡು ಬೆರಳಿಗಿಂತ ದಪ್ಪವಾಗದಿರಲಿ. ತೂತಿನ ಪಾತ್ರೆಯನ್ನು ನೀರು ತುಂಬಿದ ತಟ್ಟೆಯಲ್ಲಿ, ಕಾಳಿಗೆ ನೀರು ತಗಲದಂತೆ ಚಿಕ್ಕ ಸ್ಟ್ಯಾಂಡಿನ ಮೇಲಿಟ್ಟು, ಹೊದಿಸಿದ ಬಟ್ಟೆಯ ಅಂಚು ತಟ್ಟೆಯ ನೀರಿಗೆ ಇಳಿಯುವಂತೆ ಬಿಟ್ಟರೆ, ಬಟ್ಟೆ ನೀರನ್ನು ಮೇಲಕ್ಕೆ ಹೀರಿ ಆರುತ್ತಾ ಒಳಗನ್ನು ತಂಪಾಗಿರಿಸುತ್ತದೆ. ಮಣ್ಣಿನ ಗಡಿಗೆಯಲ್ಲಿ ನೀರು ತಣ್ಣಗಾಗುವುದೂ ಇದೇ ಕ್ರಮದಿಂದ. ನಾಲ್ಕು ಐದು ಗಂಟೆಗೊಮ್ಮೆ ತೊಳೆಯಲು ಬಿಡುವಿಲ್ಲದ ದಿನ ಬೇಸಿಗೆಯಲ್ಲಿ ಮೊಳಕೆ ಕಟ್ಟದಿರುವುದೇ ಮೇಲು.

ಮೊಳಕೆ ಕೆಟ್ಟಿದೆ ಎಂಬುದನ್ನು ಮೂಗು, ಕೈ, ಕಣ್ಣು ಮೂರೂ ಹೇಳುತ್ತವೆ. ಒಳ್ಳೆಯ ಮೊಳಕೆಗೆ ಹಸಿ ಕಾಯಿಯ, ಹೊಸ ಸೊಪ್ಪಿನ ವಾಸನೆ ಇರುತ್ತದೆ. ಹುಳಿ ಅಥವಾ ಹಳಸಲು ವಾಸನೆ, ಜಿಗುಟು ಲೋಳೆ, ಕಂದಿದ ಬಣ್ಣ, ಬೂಷ್ಟು ಇವುಗಳಲ್ಲಿ ಒಂದು ಕಂಡರೂ ಮರುಯೋಚನೆಯಿಲ್ಲದೆ ಎಸೆಯಬೇಕು. ಮೊದಲ ಬೇರಿನ ಸುತ್ತ ಏಳುವ ನವಿರಾದ ಬಿಳಿಯ ಕೂದಲನ್ನು ಮಾತ್ರ ಬೂಷ್ಟೆಂದು ತಿಳಿಯಬಾರದು. ಅದು ಬೇರಿಗೆ ಸಹಜವಾದ ರೋಮ. ನೀರಿನಲ್ಲಿ ತೊಳೆದೊಡನೆ ಅದು ಬೇರಿಗೆ ಅಂಟಿ ಕಾಣದಾಗುತ್ತದೆ. ಬೂಷ್ಟಾದರೆ ಕಾಳಿನಿಂದ ಕಾಳಿಗೆ ಬಲೆಯಂತೆ ಹಬ್ಬಿರುತ್ತದೆ.

ಹಸಿಯೋ, ಬೇಯಿಸಿದ್ದೋ?

1996ರಲ್ಲಿ ಜಪಾನಿನ ಸಕಾಯ್ ನಗರದಲ್ಲಿ ಶಾಲೆಯ ಊಟ ಮಾಡಿದ ಸಾವಿರಾರು ಮಕ್ಕಳು ಇ. ಕೋಲಿ ಎಂಬ ರೋಗಾಣುವಿನ ಅಪಾಯಕಾರಿ ಬಗೆಯೊಂದರಿಂದ ಕಾಯಿಲೆ ಬಿದ್ದರು. ತನಿಖೆಯಲ್ಲಿ ಶಂಕೆ ಹೋದದ್ದು ಹಸಿಯಾಗಿ ಬಡಿಸಿದ ಮೂಲಂಗಿಯ ಮೊಳಕೆಯ ಮೇಲೆ. 2011ರಲ್ಲಿ ಜರ್ಮನಿಯಲ್ಲಿ ಇದೇ ಜಾತಿಯ ಮತ್ತೊಂದು ರೋಗಾಣು 3,800ಕ್ಕೂ ಹೆಚ್ಚು ಜನರನ್ನು ಬಾಧಿಸಿ, ಐವತ್ತಕ್ಕೂ ಹೆಚ್ಚು ಜನರ ಪ್ರಾಣ ತೆಗೆಯಿತು. ಅಲ್ಲಿ ಮೂಲವೆಂದು ಗೊತ್ತಾದದ್ದು ಮೊಳಕೆ. ಬೀಜ ನಮಗೆಲ್ಲ ಚಿರಪರಿಚಿತವಾದ ಮೆಂತ್ಯ. ಆಧುನಿಕ ಸೌಕರ್ಯಗಳಿರುವ ದೇಶಗಳಲ್ಲೇ ಹೀಗಾದದ್ದು ಏಕೆ? ಹೊಲದ ಗೊಬ್ಬರದಿಂದಲೋ ನೀರಿನಿಂದಲೋ ಬೀಜದ ಸಂದಿನಲ್ಲಿ ಸೇರಿಕೊಂಡ ನಾಲ್ಕಾರು ರೋಗಾಣುಗಳು ಒಣ ಕಾಳಿನಲ್ಲಿ ಸುಮ್ಮನಿರುತ್ತವೆ. ಬೆಚ್ಚನೆಯ ಒದ್ದೆಯಲ್ಲಿ ಒಂದೆರಡು ದಿನ ಕಳೆದರೆ ಅವು ಲಕ್ಷ ಲಕ್ಷವಾಗುತ್ತವೆ. ಆಗಲೂ ಮೊಳಕೆ ನೋಡಲು ಬೆಳ್ಳಗೆ, ಮೂಸಿದರೆ ಘಮ್ಮೆಂದು ಇರಬಹುದು. ತೊಳೆಯುವುದರಿಂದ ಅವು ಕಡಿಮೆಯಾಗುತ್ತವೆಯೇ ಹೊರತು ಇಲ್ಲವಾಗುವುದಿಲ್ಲ. ಅವನ್ನು ಕೊಲ್ಲುವುದು ಬೆಂಕಿ.

ಈ ದೃಷ್ಟಿಯಿಂದ ನಮ್ಮ ಸಾಂಪ್ರದಾಯಿಕ ಅಡುಗೆಯನ್ನು ಗಮನಿಸಿದರೆ ಅದರ ವಿವೇಕ ತಿಳಿಯುತ್ತದೆ. ಕೋಸಂಬರಿಗೆ ಹೆಸರುಬೇಳೆಯನ್ನು ಹಸಿಯಾಗಿ ಬಳಸುತ್ತೇವೆ ನಿಜ; ಆದರೆ ಅದು ಗಂಟೆಯೆರಡು ಗಂಟೆ ನೆನೆದದ್ದು, ಎರಡು ದಿನ ಬೆಚ್ಚಗೆ ಕಟ್ಟಿಟ್ಟದ್ದಲ್ಲ. ಮೊಳಕೆ ಬರಿಸಿದ ಕಾಳು ಮಾತ್ರ ಸಾರಾಗಿ, ಗುಗ್ಗರಿಯಾಗಿ, ಬಸ್ಸಾರಾಗಿ ಒಲೆಯನ್ನು ಹಾದೇ ಎಲೆಗೆ ಬರುತ್ತಿತ್ತು. ಐದು ವರ್ಷದೊಳಗಿನ ಮಕ್ಕಳು, ಗರ್ಭಿಣಿಯರು, ವೃದ್ಧರು, ದೀರ್ಘ ಕಾಯಿಲೆಯಿಂದ ಬಳಲುವವರು ಹಸಿ ಮೊಳಕೆಯನ್ನು ತಿನ್ನಲೇಬಾರದು. ಉಳಿದವರಿಗೂ ಬೇಯಿಸಿದ್ದೇ ಕ್ಷೇಮ. ಹೆಸರಿನ ಮೊಳಕೆಯನ್ನು ಇಡ್ಲಿಪಾತ್ರೆಯ ಹಬೆಯಲ್ಲಿ ಎಂಟು ಹತ್ತು ನಿಮಿಷ, ಒಳಗಿನವರೆಗೂ ಚೆನ್ನಾಗಿ ಕಾಯುವಂತೆ ಬೇಯಿಸಬೇಕು. ಹುರುಳಿ, ಕಡಲೆಗಳಿಗೆ ಕುಕ್ಕರಿನಲ್ಲಿ ಎರಡು ಮೂರು ಕೂಗು ಬೇಕು.

ಬೇಯಿಸಿದರೆ 'ಸಿ' ಜೀವಸತ್ವ ನಷ್ಟವಾಗದೇ ಎಂಬ ಪ್ರಶ್ನೆ ಸಹಜ. ಒಂದು ಭಾಗ ನಷ್ಟವಾಗುತ್ತದೆ. ಒಲೆಯಿಂದ ಇಳಿಸಿದ ಮೇಲೆ ಅರ್ಧ ನಿಂಬೆಹಣ್ಣನ್ನು ಹಿಂಡಿದರೆ ಆ ನಷ್ಟ ತುಂಬುತ್ತದೆ. ಕಾಳಿನ ಕಬ್ಬಿಣದ ಅಂಶವೂ ದೇಹಕ್ಕೆ ಹೆಚ್ಚಾಗಿ ಹತ್ತುತ್ತದೆ. ಊಟವಾದೊಡನೆ ಕಾಫಿ, ಚಹಾ ಕುಡಿಯುವ ರೂಢಿ ಇದಕ್ಕೆ ವಿರುದ್ಧವಾದುದು. ಒಂದು ಗಂಟೆಯಾದರೂ ತಡೆದು ಕುಡಿಯುವುದು ಒಳಿತು. ಹುರುಳಿ ಬೆಂದ ಕಟ್ಟನ್ನು ಚೆಲ್ಲದೆ ಸಾರಿಗೆ ಬಳಸಬೇಕು. ಕಾಳಿನಿಂದ ಕರಗಿದ ಸತ್ವ ಅದರಲ್ಲಿರುತ್ತದೆ. ಉಳಿದ ಮೊಳಕೆಯನ್ನು ನೀರು ಆರಿಸಿ ಮುಚ್ಚಿದ ಡಬ್ಬದಲ್ಲಿ ಫ್ರಿಜ್ಜಿನಲ್ಲಿಟ್ಟರೂ ಎರಡು ಮೂರು ದಿನಗಳೊಳಗೆ ಬೇಯಿಸಿ ಮುಗಿಸಬೇಕು. ಫ್ರಿಜ್ಜಿಲ್ಲದ ಮನೆಯಲ್ಲಿ ಅಂದಿನದನ್ನು ಅಂದೇ ಬಳಸುವುದು ಸರಿ.

ಕಂದಮ್ಮಗಳಿಗೆ ಮೊಳಕೆ ರಾಗಿ

ಮೊಳಕೆಯ ವಿಚಾರದಲ್ಲಿ ರಾಗಿಯನ್ನು ಮರೆತರೆ ಲೇಖನ ಅಪೂರ್ಣ. ನೂರು ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಮಿನಷ್ಟು ಸುಣ್ಣದ ಅಂಶವಿದೆ. ಆದರೆ ಸಾಮಾನ್ಯ ರಾಗಿಹಿಟ್ಟಿನ ಗಂಜಿ ಬೇಗ ಗಟ್ಟಿಯಾಗುತ್ತದೆ. ಮಗು ನುಂಗುವಂತೆ ಮಾಡಲು ತಾಯಿ ನೀರು ಬೆರೆಸುತ್ತಾಳೆ. ಚಿಕ್ಕ ಹೊಟ್ಟೆ ನೀರಿನಿಂದಲೇ ತುಂಬಿಹೋಗುತ್ತದೆ. ಮೊಳೆತ ರಾಗಿಯಲ್ಲಿ ಪಿಷ್ಟವನ್ನು ಕರಗಿಸುವ ಕಿಣ್ವ ಹೆಚ್ಚಿರುವುದರಿಂದ ಅದರ ಗಂಜಿ ತೆಳುವಾಗಿಯೇ ಉಳಿಯುತ್ತದೆ. ಅಷ್ಟೇ ಗಂಜಿಯಲ್ಲಿ ಹೆಚ್ಚು ಹಿಟ್ಟನ್ನು ಉಣಿಸಬಹುದು. ಮೈಸೂರಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯದ ಎನ್. ಜಿ. ಮಲ್ಲೇಶಿ ಮತ್ತು ಎಚ್. ಎಸ್. ಆರ್. ದೇಶಿಕಾಚಾರ್ ಅವರು ಮೊಳಕೆ ಬರಿಸಿದ ರಾಗಿ ಮತ್ತು ಹೆಸರುಕಾಳಿನಿಂದ ತಯಾರಿಸಿದ ಶಿಶು ಆಹಾರವನ್ನು ಕುರಿತು 1982ರಲ್ಲಿ ಪ್ರಕಟಿಸಿದ ಸಂಶೋಧನೆ ಈ ತತ್ತ್ವವನ್ನೇ ಆಧರಿಸಿತ್ತು.

ರಾಗಿಯನ್ನು ಹಲವು ಬಾರಿ ತೊಳೆದು ಕಲ್ಲು ಮರಳು ಹೋಗುವಂತೆ ಗಾಳಿಸಿ, 10ರಿಂದ 12 ಗಂಟೆ ನೆನೆಸಿ, ಒಂದರಿಂದ ಒಂದೂವರೆ ದಿನ ಕಟ್ಟಿಡಬೇಕು. ಮೊಳೆತ ಮೇಲೆ ತೆಳುವಾಗಿ ಹರಡಿ ಗರಿಗರಿಯಾಗಿ ಒಣಗಿಸಿ, ಕೈಯಲ್ಲಿ ಉಜ್ಜಿ ಮೊಳಕೆ ಬೇರುಗಳನ್ನು ಕೇರಿ ತೆಗೆಯಬೇಕು. ಬಳಿಕ ಸಣ್ಣ ಉರಿಯಲ್ಲಿ ಘಮ ಬರುವಷ್ಟು ಮಾತ್ರ ಬೆಚ್ಚಗೆ ಮಾಡಿ ಬೀಸಿಸಿ, ತೆಳುಬಟ್ಟೆಯಲ್ಲಿ ಜಾಲಿಸಬೇಕು. ಹೆಚ್ಚು ಹುರಿದರೆ ಕಿಣ್ವ ಸತ್ತು ಮೊಳಕೆಯ ಪ್ರಯೋಜನವೇ ತಪ್ಪುತ್ತದೆ. ಹಿಟ್ಟನ್ನು ತಣ್ಣೀರಿನಲ್ಲಿ ಕದಡಿ, ಒಲೆಯ ಮೇಲೆ ಕೈಯಾಡಿಸುತ್ತಾ ಚೆನ್ನಾಗಿ ಕುದಿಸಬೇಕು. ಆರು ತಿಂಗಳು ತುಂಬುವವರೆಗೆ ಮಗುವಿಗೆ ಎದೆಹಾಲೊಂದೇ ಸಾಕು. ಅನಂತರ ಎದೆಹಾಲಿನ ಜೊತೆಗೆ ಈ ರಾಗಿ ಸರಿ ಉತ್ತಮ ಆಹಾರ.

ಮಕ್ಕಳಿಗೊಂದು ಪ್ರಯೋಗ

ಕೊನೆಯದಾಗಿ, ಶಾಲೆಯ ಮಕ್ಕಳು ಮಾಡಬಹುದಾದ ಒಂದು ಸರಳ ಪ್ರಯೋಗ. ನಾಲ್ಕು ಬಟ್ಟಲುಗಳಲ್ಲಿ ಹತ್ತು ಹತ್ತು ಹುರುಳಿಕಾಳುಗಳನ್ನು ಹಾಕಿ. ಮೊದಲನೆಯದನ್ನು ಒಣಗಿಯೇ ಬಿಡಿ. ಎರಡನೆಯದರಲ್ಲಿ ಒದ್ದೆ ಹತ್ತಿಯ ಮೇಲೆ ಕಾಳನ್ನು ಇಡಿ. ಮೂರನೆಯದರಲ್ಲಿ ಕುದಿಸಿ ಆರಿಸಿದ ನೀರನ್ನು ಕಾಳು ಮುಳುಗುವಂತೆ ಹಾಕಿ, ಗಾಳಿ ತಗಲದಂತೆ ಮೇಲೊಂದು ಪದರ ಎಣ್ಣೆ ಬಿಡಿ. ನಾಲ್ಕನೆಯದನ್ನು ಎರಡನೆಯದರಂತೆಯೇ ಸಿದ್ಧಪಡಿಸಿ ಫ್ರಿಜ್ಜಿನಲ್ಲಿಡಿ. ಮೂರು ದಿನ ಬೆಳಿಗ್ಗೆ ಸಂಜೆ ನೋಡಿ, ಎಷ್ಟು ಕಾಳು ಮೊಳೆತವೆಂದು ಬರೆದಿಡಿ. ನೀರಿಲ್ಲದೆ, ಗಾಳಿಯಿಲ್ಲದೆ, ಬಿಸುಪಿಲ್ಲದೆ ಬೀಜ ಏನಾಗುತ್ತದೆಂಬುದನ್ನು ಯಾರೂ ಹೇಳಿಕೊಡದೆಯೇ ತಿಳಿಯಬಹುದು. ಪ್ರಯೋಗಕ್ಕೆ ಬಳಸಿದ ಕಾಳನ್ನು ತಿನ್ನದೆ ಮಣ್ಣಿನಲ್ಲಿ ನೆಡಿ.

ಸ್ವಲ್ಪ ದೊಡ್ಡ ತರಗತಿಯವರು ಮನೆಯ ಹುರುಳಿಯಲ್ಲಿ ನೂರು ಕಾಳು ಎಣಿಸಿ, ಒದ್ದೆ ಗೋಣಿಯ ತುಂಡಿನಲ್ಲಿ ಸಾಲಾಗಿ ಸುತ್ತಿಟ್ಟು, ನಾಲ್ಕನೆಯ ದಿನ ಬಿಚ್ಚಿ ಎಣಿಸಲಿ. ಮೊಳೆತವು ಎಂಬತ್ತಾದರೆ ಮೊಳಕೆಯ ಪ್ರಮಾಣ ಶೇಕಡಾ 80. ಬಿತ್ತನೆಗೆ ಮುನ್ನ ನಮ್ಮ ರೈತರು ಮಾಡುವ ಪರೀಕ್ಷೆ ಇದೇ ಆಗಿದ್ದು, ಮಗನೋ ಮಗಳೋ ಇದನ್ನು ಮಾಡಿ ತೋರಿಸಿದರೆ ತಂದೆಯ ಕೆಲಸಕ್ಕೂ ನೆರವಾಗುತ್ತದೆ. ವರದಿ ಬರೆಯುವ ಪುಸ್ತಕದಲ್ಲಿ ಪ್ರತಿ ಕಾಳಿನ ಕನ್ನಡದ ಹೆಸರು, ತೆಲುಗಿನ ಹೆಸರು, ಮನೆಯ ಹಿರಿಯರು ಅದರಿಂದ ಮಾಡುವ ಅಡುಗೆ ಈ ಮೂರನ್ನೂ ಕೇಳಿ ಬರೆದುಕೊಳ್ಳಲಿ. ಕೇರು, ಬಸಿ, ಗಾಳಿಸು, ಜಾಲಿಸು ಎಂಬ ಕ್ರಿಯಾಪದಗಳು ವ್ಯಾಕರಣ ಪುಸ್ತಕದಿಂದಲ್ಲದೆ ಮೊರ ಹಿಡಿದ ಕೈಯಿಂದಲೇ ಅವರಿಗೆ ದೊರೆಯುತ್ತವೆ.

ಈ ಸಂಚಿಕೆ ಕೈಸೇರಿದ ವಾರದಲ್ಲಿ ಪ್ರತಿ ಹಳೆಯ ವಿದ್ಯಾರ್ಥಿಯ ಮನೆಯಲ್ಲೂ ಒಂದು ಲೋಟ ಹೆಸರುಕಾಳು ನೆನೆಯಲಿ; ಆರು ಗಂಟೆಗೊಮ್ಮೆ ತೊಳೆಯುವ ಹೊಣೆಯನ್ನು ಮನೆಯ ಮಕ್ಕಳಿಗೆ ವಹಿಸಲಿ; ಒಲೆಯ ಮೇಲಿಟ್ಟು ಬೇಯಿಸಿ, ನಿಂಬೆ ಹಿಂಡಿ, ಮನೆಮಂದಿಯೆಲ್ಲ ಕುಳಿತು ಉಣ್ಣಲಿ ಎಂದು ಹಾರೈಸುತ್ತೇನೆ.